ಅಳದ ಕೂಸು

ಹೊಳೆದಂಡೆಯ ಆ ಮಠದಲ್ಲಿ ಉಸಿರಿನ ಬಗ್ಗೆ ಅಡವಯ್ಯನಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ.

ಅಡವಯ್ಯ ಮಠದ ಹಿರಿಯ ಶಿಷ್ಯ. ಉಸಿರು ಯಾವ ಹೊಳ್ಳೆಯಿಂದ ಒಳಗೆ ಹೋಯಿತು, ಎಲ್ಲಿ ನಿಂತಿತು, ಎಲ್ಲಿಂದ ತಿರುಗಿತು, ಎಲ್ಲ ಹೇಳಬಲ್ಲ. ಕೇಳದವರಿಗೂ ಹೇಳುತ್ತಿದ್ದ ಅನ್ನಿ.

ಅವನ ಗುರುಗಳನ್ನು ಊರವರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದರು. ಅಜ್ಜಾರು ಮಾತಿನಲ್ಲಿ ಬಲು ಜಿಪುಣರು. ಸಿಟ್ಟಿನಲ್ಲಿ ಮಾತ್ರ ಧಾರಾಳ.

ಚಳಿಗಾಲದ ಒಂದು ಸೋಮವಾರ ಅಜ್ಜಾರು ಪಕ್ಕದ ಊರಿಗೆ ಹೊರಟು ನಿಂತರು.

"ಇವತ್ತಿನ ಸಭಾ ನೀನ ನಡಸು," ಎಂದರು.

ಅಡವಯ್ಯ ತಲೆ ಬಾಗಿಸಿದ. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದ.

ಮಠದಲ್ಲಿ ಪ್ರತಿ ಸೋಮವಾರ ನಡೆಯುವ ಸಭೆ ಅಂದೂ ತುಂಬಿತು. ಹೊಳೆಯಾಚೆ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿದ್ದವು. ಅಲ್ಲಿಂದ ಕಸ್ತೂರೆವ್ವ ಎಂಬ ಎಳೆಯ ಬಾಣಂತಿ ತನ್ನ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಆ ಕಡೆಯಲ್ಲಿ ಎಳೆಯ ಕೂಸನ್ನು ಸ್ವಾಮಿಗಳ ಕಾಲ ಮೇಲೆ ಹಾಕಿ ಹರಸಿಸಿಕೊಳ್ಳುವುದು ರೂಢಿ. ತಲೆಗೆ ಉಣ್ಣೆಯ ಕುಲಾವಿ, ಮೈಗೆ ಅರಿವೆಯ ಮೇಲೆ ಅರಿವೆ. ಕೂಸಿನ ಮೋರೆಯಷ್ಟೇ ಕಾಣುತ್ತಿತ್ತು.

ಅಡವಯ್ಯ ಮಾತು ಶುರು ಮಾಡಿದ. "ಉಸಿರು ಅಂದ್ರ ಏನು?" ಎಂದು ಕೇಳಿದ. ಅಷ್ಟರಲ್ಲಿ ಒಂದು ಕೂಸು ಅತ್ತಿತು. ಅದರ ತಾಯಿ ನಾಚಿ ಎದ್ದು ಹೊರಗೆ ಹೋದಳು. ಇನ್ನೊಂದು ಅತ್ತಿತು. ಆ ತಾಯಿಯೂ ಎದ್ದಳು. ಅಡವಯ್ಯನ ಹುಬ್ಬು ಗಂಟಿಕ್ಕಿತು.

ಆಗ ಕಸ್ತೂರೆವ್ವನ ಮಡಿಲಲ್ಲಿದ್ದ ಕೂಸು ಅವನ ಕಣ್ಣಿಗೆ ಬಿತ್ತು. ಕಿಟ್ಟೆಂದಿರಲಿಲ್ಲ. ಅಲ್ಲಾಡಿಯೂ ಇರಲಿಲ್ಲ.

"ಯವ್ವಾ, ಆ ಕೂಸನ್ನ ಇಲ್ಲಿ ತಾ."

ಅವಳು ಎದ್ದು ಬಂದು ಕೂಸನ್ನು ಅವನ ತೊಡೆಯ ಮೇಲಿಟ್ಟಳು. "ಸ್ವಾಮ್ಯಾರ, ಇದು ಮುಂಜಾನಿಂದ..." ಎಂದಳು.

"ತಡಿಯವ್ವಾ, ತಡಿ," ಎಂದು ಅಡವಯ್ಯ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಎಲ್ಲಾರೂ ಇತ್ಲಾಗ ನೋಡ್ರಿ! ಇಷ್ಟೊತ್ತಾತು, ಈ ಕೂಸು ಒಮ್ಮೆಯರ ಅತ್ತೈತೇನು? ಅರಿವಿ ಒಳಗೂ ಹೊಟ್ಟಿ ಹೆಂಗ ಏರಿ ಇಳಿಯಾಕತ್ತೈತಿ ನೋಡ್ರಿ. ಉಸಿರಿನ ಜೋಡಿ ಸಣ್ಣ ದನಿ ಬರಾಕತ್ತೈತಿ, ಕೇಳ್ರಿ. ಅದು ಜಪ! ನಾವು ಹತ್ತಾರು ವರ್ಷ ಕುಂತು ಕಲಿಯೂದನ್ನ ಇದು ಹುಟ್ಟತಾನ ಕಲ್ತು ಬಂದೈತಿ. ಹಿಂದಿನ ಜನ್ಮದ ಯೋಗಿ ಇದು!"

"ಆಹಾ!" ಎಂದಿತು ಸಭೆ. ಮುದುಕಿಯರು ಕೈಮುಗಿದರು. ಒಬ್ಬಳು ಮುಡಿಯಲ್ಲಿದ್ದ ಸೇವಂತಿಗೆ ತೆಗೆದು ಕೂಸಿನ ಕಾಲ ಹತ್ತಿರ ಇಟ್ಟಳು.

ಕಸ್ತೂರೆವ್ವನ ಮಾತು ಗಂಟಲಲ್ಲೇ ನಿಂತಿತು. ಯೋಗಿಯ ತಾಯಿ ಅಂದಮೇಲೆ ಗುಡಿಸಲಿನ ಗೋಳು ಹೇಳುವುದು ಹೇಗೆ? ಪಾಪ, ಅವಳ ಮುಖವೂ ಅರಳಿತು.

ಹೋದ ಕೆಲಸ ಬೇಗ ಮುಗಿದು ಅಜ್ಜಾರು ಅದೇ ಹೊತ್ತಿಗೆ ಬಾಗಿಲಿಗೆ ಬಂದಿದ್ದರು. ಚಪ್ಪಲಿ ಕಳಚಿ ಸೀದಾ ಸಭೆಯ ನಡುವೆ ನಡೆದು ಬಂದರು.

"ಕೂಸು ಕೊಡು," ಎಂದರು.

ನೆಲದ ಮೇಲೆ ಕೂತರು. ಕೂಸನ್ನು ತೊಡೆಯ ಮೇಲೆ ಮಲಗಿಸಿ, ಒಂದೊಂದೇ ಅರಿವೆ ಬಿಚ್ಚತೊಡಗಿದರು.

"ಥಂಡಿ ಐತ್ರಿ ಅಜ್ಜಾರ," ಎಂದಳು ಕಸ್ತೂರೆವ್ವ.

"ಒಂದು ಗಳಿಗಿ, ಮಗಳ. ಮತ್ತ ಹೊಚ್ಚೂಣು."

ಎದೆ ಕಾಣುವಷ್ಟು ಬಿಚ್ಚಿ, ಅಜ್ಜಾರು ಸುಮ್ಮನೆ ನೋಡಿದರು. ಕಣ್ಣು ಮಿಟುಕಿಸಲಿಲ್ಲ.

"ಅಡವಯ್ಯಾ, ಬಾ ಇಲ್ಲಿ. ಈ ಕೂಸಿಗೆ ನಡಿಯಾಕ ಬರತೈತೇನು?"

"ಇಲ್ರಿ ಅಜ್ಜಾರ."

"ಅಂಬೆಗಾಲಿಡಾಕ?"

"ಇಲ್ರಿ. ಇನ್ನೂ ಮಗ್ಗಲಕ್ಕ ತಿರಗಾಕೂ ಬರೂದಿಲ್ಲ."

"ಮತ್ತ ಎಲ್ಲಿಂದ ಓಡಿ ಬಂದಂಗ ತೇಕಾಕತ್ತೈತಿ, ಹೇಳು."

ಅಡವಯ್ಯ ಕಕ್ಕಾಬಿಕ್ಕಿಯಾದ. "ಕೂಸುಗೋಳ ಹೊಟ್ಟಿ ಆಡತೈತಲ್ರಿ..." ಎಂದು ತೊದಲಿದ.

"ಹೊಟ್ಟಿ ಆಡ್ಲಿ. ಅದು ಎಲ್ಲಾ ಕೂಸಿಗೂ ಆಡತೈತಿ. ನೀ ಪಕ್ಕೆಲುಬಿನ ಕೆಳಗ ನೋಡು. ಉಸಿರು ತಗೊಂಡಾಗ ಎದಿ ಹೊರಗ ಉಬ್ಬಬೇಕು. ಇಲ್ಲಿ ಏನಾಗಾಕತ್ತೈತಿ?"

ಅಡವಯ್ಯ ಬಗ್ಗಿ ನೋಡಿದ. ಕೂಸು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗಿನ ಮೆತ್ತನೆಯ ಜಾಗ ಒಳಕ್ಕೆ ಕುಸಿದು ಗುಣಿ ಬೀಳುತ್ತಿತ್ತು. ಬಿಟ್ಟಾಗ ಮೇಲೆ ಬರುತ್ತಿತ್ತು. ಮತ್ತೆ ಕುಸಿಯುತ್ತಿತ್ತು.

"ಒಳಗ ಜಗ್ಗಾಕತ್ತೈತ್ರಿ."

"ಮೂಗಿನ ಹೊಳ್ಳಿ?"

"ಅಗಲ ಆಗಾಕತ್ತಾವ್ರಿ."

"ನೀ ಜಪ ಅಂದ್ಯಲ್ಲ, ಅದು ಏನು?"

ಅಡವಯ್ಯ ಕಿವಿಗೊಟ್ಟ. ಉಸಿರು ಬಿಟ್ಟಾಗೆಲ್ಲ ಆ ಸಣ್ಣ ದನಿ.

"ನರಳೂದ್ರಿ," ಎಂದ.

ಅಜ್ಜಾರು ಕಸ್ತೂರೆವ್ವನ ಕಡೆ ತಿರುಗಿದರು.

"ಮಗಳ, ಮೊಲಿ ಕುಡದೈತೇನು?"

"ಎರಡು ದಿನ ಕೆಮ್ಮು ಇತ್ರಿ. ಇವತ್ತ ಮುಂಜಾನಿಂದ ಮೊಲಿ ಬಾಯಿಗೆ ಹಚ್ಚಿದ್ರ ಬಿಟ್ಟ ಬಿಡತೈತ್ರಿ. ಅಳೂದೂ ಇಲ್ಲ. ಅದನ್ನ ಹೇಳಾಕಂತನ ಬಂದಿದ್ನಿರಿ." ಅವಳು ಅಡವಯ್ಯನ ಕಡೆ ನೋಡಿ ತಲೆ ತಗ್ಗಿಸಿದಳು. "ಸ್ವಾಮ್ಯಾರು ಯೋಗಿ ಅಂದ್ರು. ಹಂಗಾರ ಛಲೋನ ಐತಿ ಬಿಡು ಅಂದ್ಕೊಂಡೆ."

ಅವಳು ದೂರಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು, ಅಷ್ಟೇ. ಅಡವಯ್ಯನ ಕಿವಿ ಕಾದ ಹಂಚಿನಂತಾಯಿತು. ಆದರೂ ಮನುಷ್ಯನ ಬಾಯಿ ನೋಡಿ, ಸುಮ್ಮನಿರುವುದಿಲ್ಲ.

"ಆದ್ರ ಮೈ ಬಿಸಿ ಇಲ್ರಿ ಅಜ್ಜಾರ. ಜ್ವರ ಇಲ್ಲ."

"ಎಳಿ ಕೂಸಿಗೆ ಜ್ವರ ಬಾರದನೂ ಎದಿ ಕೆಡತೈತಿ. ಜ್ವರದ ದಾರಿ ಕಾಯಾಕ ಕುಂತೀಯೇನು?"

ಸೇವಂತಿಗೆ ಇಟ್ಟ ಮುದುಕಿ ಎದ್ದು, "ಲೋಬಾನದ ಹೊಗಿ ಹಾಕಿ ಎದಿ ಕಾಸೂಣ್ರಿ, ಜೇನು ನೆಕ್ಕಸೂಣು," ಎಂದಳು.

"ಹೊಗಿ ಬ್ಯಾಡ, ಜೇನು ಬ್ಯಾಡ, ಏನೂ ಬ್ಯಾಡ. ದವಾಖಾನಿಗೆ ಒಯ್ಯಬೇಕು, ಈಗಿಂದೀಗ. ಟಂಟಂ ತರ್ರಿ ಯಾರರ."

"ಅಂಗಾರ ಹಚ್ಚಿ ಕಳಸ್ಲೇನ್ರಿ?" ಎಂದ ಅಡವಯ್ಯ. ಮಠದ ವಿಭೂತಿ ಅವನ ಕೈಗೆ ಸಿಗುವಲ್ಲೇ ಇತ್ತು.

"ತಿರುಗಿ ಬಂದ ಮ್ಯಾಲ ಹಚ್ಚೂಣಂತ. ನೀನೂ ಜೋಡಿ ಹೋಗು."

"ನಾನಾ? ಸಭಾ ಅರ್ಧಕ್ಕ ನಿಂತೈತಲ್ರಿ..."

"ಸಭಾದವರ ಉಸಿರಿಗೆ ಏನೂ ಆಗಿಲ್ಲ. ನಡಿ!"

ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಕಸ್ತೂರೆವ್ವ ಕೂಸಿನ ಬೆನ್ನು ತನ್ನ ಎದೆಗೆ ಆನಿಸಿ ನೆಟ್ಟಗೆ ಹಿಡಿದಿದ್ದಳು. ಅಡವಯ್ಯ ಎದುರಿಗೆ ಕೂತಿದ್ದ. ದಾರಿಯುದ್ದಕ್ಕೂ ಅವನ ಕಣ್ಣು ಅರಿವೆಯ ಸಂದಿನಲ್ಲಿ ಕಾಣುವ ಆ ಗುಣಿಯ ಮೇಲೆ. ಬೇರೆ ಕಡೆ ನೋಡೋಣವೆಂದರೆ ಆಗಲಿಲ್ಲ. ಅಳುವ ಕೂಸುಗಳಿಗೆ ಹುಬ್ಬು ಗಂಟಿಕ್ಕಿದ್ದವನು ಈಗ ಬಾಯಲ್ಲೇ ಗೊಣಗುತ್ತಿದ್ದ: "ಅಳಪಾ ತಮ್ಮಾ, ಒಮ್ಮಿ ಅಳು. ನಿನ್ನ ಕಾಲಿಗೆ ಬೀಳ್ತೀನಿ, ಅಳು."

ಕೂಸು ಅಳಲಿಲ್ಲ.

ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸಿನ ಅಂಗಿ ಎತ್ತಿ ಒಮ್ಮೆ ನೋಡಿದರು. ಅವರು ಮುಂದೆ ಮಾತಾಡಿದ್ದು ನರ್ಸಿನ ಜೊತೆ ಮಾತ್ರ. ಮೂಗಿಗೆ ಸಣ್ಣ ನಳಿಗೆ ಇಟ್ಟು ಆಕ್ಸಿಜನ್ ಹಚ್ಚಿದರು. ಕೈಯ ನರ ಹುಡುಕಿ ಸೂಜಿ ಚುಚ್ಚಿದರು. ಆಗಲೂ ಕೂಸು ಅಳಲಿಲ್ಲ, ಮೋರೆ ಕಿವುಚಿತು ಅಷ್ಟೇ. ಕಸ್ತೂರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದರು.

"ನ್ಯುಮೋನಿಯಾ," ಎಂದರು. "ಶ್ವಾಸಕೋಶಕ್ಕೆ ಸೋಂಕು ತಗಲಿದೆ. ಔಷಧಿ ಶುರು ಮಾಡಿದ್ದೀವಿ. ಈಗಲೇ ಏನೂ ಹೇಳೋಕಾಗಲ್ಲ."

"ಅದು ಅಳಲೇ ಇಲ್ಲಲ್ರಿ ಡಾಕ್ಟರ," ಎಂದ ಅಡವಯ್ಯ. "ಆರಾಮ ಇಲ್ಲದ ಕೂಸು ಅಳಬೇಕಲ್ಲ?"

"ಇರೋ ಶಕ್ತಿಯೆಲ್ಲ ಉಸಿರು ಎಳೆಯೋಕೇ ಹೋದರೆ ಹಾಲು ಎಳೆಯೋಕೆ ಎಲ್ಲಿಂದ ಬರಬೇಕು? ಅಳೋಕೆ ಎಲ್ಲಿಂದ ಬರಬೇಕು? ಕೂಸು ಅತ್ತರೆ ನಮಗೆ ಅರ್ಧ ಧೈರ್ಯ ಸ್ವಾಮಿ. ಹಾಲು ಬಿಟ್ಟು ಸುಮ್ಮನೆ ಬಿದ್ದಿದ್ದರೇ ಭಯ."

ಅವರು ಒಳಗೆ ಹೋದರು. ಅಡವಯ್ಯ ಗೋಡೆಗೆ ಒರಗಿ ಕೂತ. ಎದುರಿಗೆ ಕೂತಿದ್ದವರು ಕಾವಿ ಕಂಡು ಕೈಮುಗಿದರು. ಅವನು ಮುಖ ಮುಚ್ಚಿಕೊಂಡ. ಎದ್ದು ಹೋಗಿ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತಿತ್ತು. ಹೋಗುವ ಧೈರ್ಯವೂ ಇರಲಿಲ್ಲ.

ಎರಡು ದಿನ ಅಲ್ಲೇ ಇದ್ದ. ಮೂರನೆಯ ದಿನ ಬೆಳಿಗ್ಗೆ ಕೂಸು ಅತ್ತಿತು. ಮೊದಲು ಕೀರಲು ದನಿ. ಆಮೇಲೆ ಇಡೀ ವಾರ್ಡು ತಿರುಗಿ ನೋಡುವಂಥ ಅಳು. ಕಸ್ತೂರೆವ್ವ ಅದನ್ನು ಮೊಲೆಗೆ ಹಚ್ಚಿದಳು. ಕೂಸು ಕಚ್ಚಿ ಹಿಡಿಯಿತು.

ಅವಳು ಅಲ್ಲಿಂದಲೇ ಅಡವಯ್ಯನಿಗೆ ಕೈಮುಗಿದಳು. ಕಣ್ಣಲ್ಲಿ ನೀರು.

"ನಿಮ್ಮ ಆಶೀರ್ವಾದ ಸ್ವಾಮ್ಯಾರ. ನೀವು ಯೋಗಿ ಅಂದ್ರಿ, ನೋಡ್ರಿ, ಅದಕ್ಕ ನನ್ನ ಕೂಸು ಉಳೀತು."

ಅಡವಯ್ಯ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. "ಎಲ್ಲಾ ಅಜ್ಜಾರ ಆಶೀರ್ವಾದವ್ವಾ," ಎಂದುಬಿಟ್ಟು ಅಲ್ಲಿಂದ ಕಾಲ್ತೆಗೆದ.

ಮಠಕ್ಕೆ ಬಂದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಅರಿವೆ ಹಿಂಡುತ್ತಿದ್ದರು.

"ಕೂಸು?"

"ಹಾಲು ಕುಡಿಯಾಕತ್ತೈತ್ರಿ."

"ಛಲೋ ಆತು."

ಅಡವಯ್ಯ ಎರಡು ಮೆಟ್ಟಿಲು ಕೆಳಗೆ ಕೂತ. ಕಸ್ತೂರೆವ್ವ ಏನೆಂದಳು, ತಾನು ಏನೆಂದೆ, ಎಲ್ಲ ಹೇಳಿದ.

"ಯಾಕ ಖರೇ ಹೇಳಲಿಲ್ಲ?" ಎಂದರು ಅಜ್ಜಾರು.

"ನಾಚಿಕಿ ಆತ್ರಿ. ಸತ್ತ ಹೋಗ್ಬೇಕು ಅನ್ನಿಸ್ತು. ಆಕಿ ಕೈಮುಗದಿದ್ದು ಇನ್ನೂ ಕಣ್ಣಾಗ ಚುಚ್ಚತೈತ್ರಿ. ಆ ಮುದುಕಿ ಹೂ ಇಟ್ಟಿದ್ದು ಚುಚ್ಚತೈತಿ. ನೀವು ಬರೂದು ಇನ್ನೊಂದೀಟು ತಡಾ ಆಗಿದ್ರ ನಾನು..." ಅವನು ಕೈಮುಗಿದ. "ಅಜ್ಜಾರ, ನನಗ ಮೌನವ್ರತ ಕೊಡ್ರಿ. ಒಂದು ವರ್ಷ. ಈ ಬಾಯಿಂದ ಒಂದು ಮಾತೂ ಬರಬಾರದು."

ಅಜ್ಜಾರು ಹಿಂಡಿದ ಅರಿವೆಯನ್ನು ಮೆಟ್ಟಿಲ ಮೇಲೆ ದಪ್ಪೆಂದು ಹಾಕಿದರು.

"ಆ ಕೂಸು ಸುಮ್ಮನಾಗಿದ್ದು ಸಾಲಲಿಲ್ಲೇನು? ಈಗ ನೀನೂ ಸುಮ್ಮನಾಗಾಂವ?"

"ಮತ್ತ ಏನು ಮಾಡ್ಲಿರಿ?"

"ಯೋಗಿ ಅಂತ ಎಲ್ಲಿ ನಿಂತು ಅಂದಿದ್ದಿ?"

"ಸಭಾದಾಗ."

"ಸೋಮವಾರ ಬರತೈತಿ," ಎಂದು ಅಜ್ಜಾರು ಅರಿವೆ ಝಾಡಿಸಿ ಎದ್ದರು.

ಸೋಮವಾರ ಬಂತು. ಯೋಗಿಕೂಸಿನ ಸುದ್ದಿ ಊರೂರಿಗೆ ಹಬ್ಬಿ ಸಭೆಯಲ್ಲಿ ಕಾಲಿಡಲು ಜಾಗವಿಲ್ಲ. ಕಸ್ತೂರೆವ್ವ ಕೂಸಿನೊಂದಿಗೆ ಮುಂದೆಯೇ ಕೂತಿದ್ದಳು. ಅಜ್ಜಾರು ಒಂದು ಮೂಲೆಯಲ್ಲಿ ಜನರ ನಡುವೆ ಕೂತರು.

ಅಡವಯ್ಯ ಎದ್ದು ನಿಂತ.

"ಹೋದ ಸೋಮವಾರ ನಾ ಇಲ್ಲಿ ಸುಳ್ಳು ಹೇಳಿದೆ," ಎಂದ. "ಈ ಕೂಸು ಯೋಗಿ ಅಂದೆ. ಅದು ಸಾಯಾಕ ಬಿದ್ದಿತ್ತು. ಅದಕ್ಕ ಅಳಾಕ ತ್ರಾಣ ಇರಲಿಲ್ಲ, ನಾ ಶಾಂತಿ ಅಂದೆ. ನರಳಾಕತ್ತಿತ್ತು, ನಾ ಜಪ ಅಂದೆ. ಎದಿ ಒಳಗ ಕುಸಿದು ಕುಸಿದು ಉಸಿರು ತಗೋಳಾಕತ್ತಿತ್ತು, ನಾ ನಿಮಗೆಲ್ಲಾ ಅದನ್ನ ಎತ್ತಿ ತೋರಿಸಿದೆ. ತಾಯಿ ಹೇಳಾಕ ಬಂದ್ಲು. ತಡಿಯವ್ವಾ ಅಂದೆ." ಅವನು ಅವಳ ಕಡೆ ತಿರುಗಿದ. "ಯವ್ವಾ ಕಸ್ತೂರೆವ್ವಾ, ನಿನ್ನ ಕೂಸು ನನ್ನ ಆಶೀರ್ವಾದದಿಂದ ಉಳಿದಿಲ್ಲ. ನನ್ನ ಮಾತು ನಂಬಿ ನೀ ಗುಡಿಸಲಕ್ಕ ಹೋಗಿದ್ರ ಉಳೀತಿರಲಿಲ್ಲ."

ಕಸ್ತೂರೆವ್ವನ ಮುಖದ ಬಣ್ಣ ಇಳಿಯಿತು. ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾರ ನೀವು ಅವತ್ತ ನನ್ನ ಕೂಸನ್ನ ನೋಡಿರಲೇ ಇಲ್ಲೇನ್ರಿ ಸ್ವಾಮ್ಯಾರ?"

"ಇಲ್ಲವ್ವಾ. ಕೈಯಾಗ ಹಿಡಕೊಂಡಿದ್ದೆ. ನೋಡಿರಲಿಲ್ಲ."

ಅವಳು ಕೂಸಿಗೆ ಸೆರಗು ಹೊದಿಸಿದಳು. ಅವನ ಮುಖ ನೋಡಲಿಲ್ಲ.

ಅಡವಯ್ಯನಿಗೆ ತಡೆಯಲಾಗಲಿಲ್ಲ. ತುಂಬಿದ ಸಭೆಯ ಎದುರು ಎಳೆ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ.

ಜನ ನೋಡಿದರು. ಜನಕ್ಕೇನು, ಕರಗುವುದಕ್ಕೆ ಹೊತ್ತು ಬೇಕೆ? "ಎಂಥಾ ದೊಡ್ಡ ಮನಸು ನೋಡ್ರಿ," ಎಂದರು ಒಬ್ಬರು. "ತಪ್ಪು ಒಪ್ಪಿಕೊಳ್ಳಾಕೂ ಯೋಗ್ಯತಾ ಬೇಕು," ಎಂದರು ಇನ್ನೊಬ್ಬರು. ಮುದುಕನೊಬ್ಬ ಬಂದು ಅವನ ಕಾಲಿಗೆ ಅಡ್ಡಬಿದ್ದ. ಅಡವಯ್ಯ ಇನ್ನೂ ಜೋರಾಗಿ ಅತ್ತ. ನಿಜ ಹೇಳಬೇಕೆಂದರೆ, ಆ ಅಳುವಿನಲ್ಲಿ ಎಲ್ಲೋ ಒಂದು ತೊಟ್ಟು ಸುಖವೂ ಸೇರಿಕೊಂಡಿತ್ತು.

ಹಿಂದಿನ ಸಾಲಿನಿಂದ ಬೇರೊಬ್ಬ ತಾಯಿ ಎದ್ದು ಬಂದಿದ್ದಳು. ತೋಳಿನಲ್ಲಿ ಕೆಮ್ಮುವ ಎಳೆಗೂಸು. ಹೊದಿಸಿದ ಅರಿವೆಯನ್ನು ಅವಳೇ ಬಿಚ್ಚಿ ಹಿಡಿದುಕೊಂಡು ಅಡವಯ್ಯನ ಮುಂದೆ ನಿಂತಿದ್ದಳು. ಅಡವಯ್ಯ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವಳಿಗೆ ಮಾತಾಡಿಸಲು ಅಂಜಿಕೆ.

ಮೂಲೆಯಿಂದ ಅಜ್ಜಾರ ದನಿ ಬಂತು.

"ಅಡವಯ್ಯಾ, ಕಣ್ಣು ಒರಸ್ಕೋ. ಕಣ್ಣೀರಾಗ ಕೂಸಿನ ಎದಿ ಕಾಣೂದಿಲ್ಲ."