ಚಿಟಿಕೆ ಪುಡಿ

“ಬುದ್ಧೀ, ನಾನು ಆಡಿದ್ದು ಒಂದೇ ಒಂದು ಮಾತು. ಅಷ್ಟಕ್ಕೇ ಒಬ್ಬ ಮನುಷ್ಯ ಮಠ ಬಿಟ್ಟು ಹೋಗುವಂತಾಗುತ್ತದೆಯೇ?” ಎಂದು ಶಿಷ್ಯ ಗುರುಪಾದ ಮಠದ ಗುರುಗಳನ್ನು ಕೇಳಿದ.

ಅವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಮಠದ ಅಡುಗೆ ನೋಡಿಕೊಳ್ಳುವ ಮರುಳಯ್ಯನ ಕೈ ಸದಾ ತುಪ್ಪದ ವಾಸನೆ ಹೊಡೆಯುತ್ತದೆ ಎಂದು ಅವನು ಇಬ್ಬರ ಬಳಿ ಅಂದಿದ್ದ, ಅದೂ ನಗುನಗುತ್ತ. ಕಳ್ಳ ಎಂದಿರಲಿಲ್ಲ. ಹದಿನೈದು ದಿನದಲ್ಲಿ ಪಂಕ್ತಿಯವರೆಲ್ಲ ಮರುಳಯ್ಯನ ಸೌಟನ್ನು ಓರೆಗಣ್ಣಿನಿಂದ ನೋಡತೊಡಗಿದರು. ಈಗ ಮರುಳಯ್ಯ ತನ್ನ ಗಂಟು ಕಟ್ಟುತ್ತಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನು ನೆಟ್ಟ ಮಾವಿನ ಸಸಿಗಳನ್ನು ಗೆದ್ದಲು ಬುಡದಿಂದಲೇ ತಿನ್ನುತ್ತಿತ್ತು. ಹೊಲದ ಬದುವಿನಲ್ಲೇ ಹುತ್ತ. ಆದರೆ ನಾಗರಪಂಚಮಿಗೆ ಹಾಲೆರೆಯುವ ಹುತ್ತಕ್ಕೆ ಗುದ್ದಲಿ ಹಾಕುವುದುಂಟೇ? ಬೇಸಾಯ ಬಲ್ಲವನೊಬ್ಬ ಅವನಿಗೆ ಒಂದು ಪುಡಿ ಕೊಟ್ಟ. ಅದು ಹುಳದ ಮೈಗೆ ಹತ್ತಿ, ಅಲ್ಲೇ ಬೆಳೆದು, ಹುಳವನ್ನು ಕೊಲ್ಲುವ ಬೂಷ್ಟು. ರೈತನಿಗೆ ಹುತ್ತವೆಂದರೆ ಎರೆದೇ ಅಭ್ಯಾಸ. ಪುಡಿಯನ್ನು ನೀರಿಗೆ ಕಲಸಿ ಬಿಂದಿಗೆಗಟ್ಟಲೆ ಎರೆದ. ಗೆದ್ದಲು ಹುಳಗಳಿಗೆ ಅದರ ಸುಳಿವು ಹತ್ತಿತು. ಆ ದಾರಿಗೆ ಮಣ್ಣು ಮೆತ್ತಿ, ಬೇರೆ ದಾರಿ ಮಾಡಿಕೊಂಡು, ಮತ್ತೆ ಸಸಿಗೇ ಬಂದವು.

“ಇದೇನು ಪಂಚಮಿಯೇನಪ್ಪ, ಬಿಂದಿಗೆ ಹಿಡಿಯೋಕೆ?” ಎಂದು ಬಲ್ಲವನು ನಕ್ಕ. “ಒಂದಷ್ಟು ಹುಳ ಹಿಡಿ. ಮೈಗೆ ಚಿಟಿಕೆ ಪುಡಿ ಸವರು. ಅವುಗಳ ಮನೆಗೆ ಅವನ್ನು ಬಿಟ್ಟುಬಿಡು.”

ರೈತ ಹಾಗೇ ಮಾಡಿದ. ಒಂದರ ಮೈಯನ್ನು ಇನ್ನೊಂದು ನೆಕ್ಕಿ ಚೊಕ್ಕ ಮಾಡುವುದು ಗೆದ್ದಲಿನ ಹುಟ್ಟುಗುಣ. ಮರಳಿ ಬಂದವನ್ನು ಒಳಗಿನವು ಅಕ್ಕರೆಯಿಂದ ನೆಕ್ಕಿದವು. ನೆಕ್ಕಿದವನ್ನು ಬೇರೆಯವು ನೆಕ್ಕಿದವು, ಬೂಷ್ಟು ಒಂದರಿಂದ ಒಂದಕ್ಕೆ ಹತ್ತಿತು. ತಿಂಗಳೊಪ್ಪತ್ತಿನಲ್ಲಿ ಹುತ್ತ ಬರಿದಾಯಿತು, ಸಸಿ ಚಿಗುರಿತು. “ನಾನಂತೂ ಹುತ್ತಕ್ಕೆ ಗುದ್ದಲಿ ಮುಟ್ಟಿಸಲಿಲ್ಲ” ಎಂದು ರೈತ ಊರೆಲ್ಲ ಹೇಳಿಕೊಂಡು ತಿರುಗಿದ.

ಕತೆ ಮುಗಿಯಿತು. ಗುರುಪಾದನ ಗೊಂದಲ ಇನ್ನೂ ಹೆಚ್ಚಿತು. ಕೊಂದದ್ದು ಪುಡಿಯೇ, ಅದನ್ನು ಹೊತ್ತು ತಂದ ಹುಳವೇ? ನೆಕ್ಕಿದವುಗಳ ತಪ್ಪೆನ್ನೋಣವೆಂದರೆ ಅವು ಮಾಡಿದ್ದು ಉಪಕಾರ. ತಾನು ಇವರಲ್ಲಿ ಯಾರೆಂಬುದೇ ಅವನಿಗೆ ತಿಳಿಯಲಿಲ್ಲ. ರೈತನನ್ನಂತೂ ಯಾರೂ ದೂರಲಾರರು ಎಂದು ತೋರಿ ಅವನಿಗೆ ತುಸು ಧೈರ್ಯ ಬಂತು.

“ಹಾಗಾದರೆ ಬುದ್ಧೀ, ರೈತನದು ತಪ್ಪಲ್ಲ ತಾನೇ?”

“ಅಲ್ಲಪ್ಪ, ಅವನಿಗೆ ಉಳಿಸಿಕೊಳ್ಳಲು ಸಸಿಗಳಿದ್ದವು, ನಿನಗೆ ಏನಿತ್ತು?”