ಕೆಂಪು ದೀಪ ಹೊತ್ತಿದ ಬೆಳಗ್ಗೆ

ಸಮುದ್ರ ನೋಡಲು ಹೊರಟ ಕ್ಯಾರವಾನಿನ ಪುಟ್ಟ ಶೌಚಾಲಯದಲ್ಲಿ ಒಂದು ಕೆಂಪು ದೀಪವಿತ್ತು. ಕೆಳಗಿನ ಮಲದ ಟ್ಯಾಂಕು ತುಂಬಿದಾಗ ಹೊತ್ತಿಕೊಳ್ಳುವುದಷ್ಟೇ ಅದರ ಕೆಲಸ. ಮೂರನೆಯ ದಿನ ಬೆಳಗ್ಗೆ ಟ್ಯಾಂಕು ತುಂಬಿತು. ದೀಪ ಹೊತ್ತಿಕೊಳ್ಳಲು ಹೊರಟಿತು.

“ಈಗ ಹೊತ್ತಿಕೊಳ್ಳಬೇಡ ಮಾರಾಯ್ತಿ,” ಎಂದಿತು ಟ್ಯಾಂಕಿಗೆ ಸುರಿಯುವ ನೀಲಿ ಔಷಧಿಯ ಬಾಟಲಿ. “ಇನ್ನೇನು ಸಮುದ್ರ ಬಂತು, ಎಲ್ಲರೂ ಖುಷಿಯಲ್ಲಿದ್ದಾರೆ. ನನ್ನನ್ನು ಇನ್ನೊಂದು ಮುಚ್ಚಳ ಸುರಿದರೆ ವಾಸನೆಯೇ ಇರುವುದಿಲ್ಲ.”

“ವಾಸನೆ ಹೋಗುತ್ತದೆ ಅಕ್ಕಾ, ಭಾರ ಹೋಗುತ್ತದೆಯೇ?” ಎಂದು ನರಳಿತು ಟ್ಯಾಂಕು. “ಮುಂದೆ ಒಂದು ಹಂಪ್ ಬಂದರೂ ಉಕ್ಕಿಬಿಡುತ್ತೇನೆ.”

ದೀಪಕ್ಕೆ ವಿಪರೀತ ನಾಚಿಕೆ. ಆದರೂ ಕಣ್ಣು ಮುಚ್ಚಿಕೊಂಡು ಹೊತ್ತಿಕೊಂಡೇಬಿಟ್ಟಿತು.

ಕೈ ತೊಳೆಯಲು ಬಂದ ಯಜಮಾನಿ ಇಂದುಮತಿ ಅದನ್ನು ಕಂಡಳು. “ರೀ, ಗಾಡಿ ನಿಲ್ಲಿಸಿ. ಟ್ಯಾಂಕ್ ತುಂಬಿದೆ.”

“ಸಮುದ್ರ ಕಾಣ್ತಾ ಇದೆ ಕಣೇ,” ಎಂದ ಸ್ಟೀರಿಂಗ್ ಹಿಡಿದ ಗಂಡ.

“ಸಮುದ್ರ ಕಾಯುತ್ತೆ. ಇದು ಕಾಯಲ್ಲ.”

ದಾರಿಬದಿಯ ತಂಗುದಾಣದ ಶೌಚಗುಂಡಿಗೆ ಟ್ಯಾಂಕನ್ನು ಬರಿದು ಮಾಡಿದರು, ತೊಳೆದರು, ತಳಕ್ಕೆ ಒಂದೇ ಮುಚ್ಚಳ ನೀಲಿ ಔಷಧಿ ಹಾಕಿದರು. ಅಷ್ಟಕ್ಕೇ ಗಾಡಿಯೆಲ್ಲ ಘಮ್ಮೆಂದಿತು. ದೀಪ ಆರಿತು. ಗಾಡಿ ಮತ್ತೆ ಹೊರಟಂತೆ ಕಿಟಕಿಯಿಂದ ಅಲೆಗಳ ಸದ್ದು ಕೇಳತೊಡಗಿತು.

“ಮತ್ತೆ ತುಂಬಿದರೆ?” ಎಂದು ಮೆಲ್ಲಗೆ ಕೇಳಿತು ದೀಪ.

“ನನ್ನನ್ನು ಕೇಳುತ್ತಾ ಕೂರಬೇಡ,” ಎಂದಿತು ಬಾಟಲಿ. “ಹೊತ್ತಿಕೋ.”