ಖಾಲಿ ಗಾಡಿಯ ಅಳತೆ

“ಗುರುಗಳೇ, ಮೇಲಿನ ಕೋಣೆಗೆ ಹೋಗಿ ನಾಲ್ಕು ತಿಂಗಳಾಯಿತು. ಒಮ್ಮೆಯೂ ಸಿಟ್ಟು ಬಂದಿಲ್ಲ. ಮನಸ್ಸಿನ ಮೂಲೆಮೂಲೆ ತಡಕಿ ನೋಡಿದೆ, ಎಲ್ಲೂ ಇಲ್ಲ. ದೀಕ್ಷೆಗೆ ಇನ್ನೇನು ಕೊರತೆ?” ಎಂದು ಶಿಷ್ಯ ಕೇಳಿದ.

ಸಿಟ್ಟಿನ ಕಾರಣಕ್ಕೇ ಅವನ ದೀಕ್ಷೆ ಎರಡು ಸಲ ಮುಂದಕ್ಕೆ ಹೋಗಿತ್ತು. ದಾಸೋಹದ ಮನೆಯಲ್ಲಿ ಬಡಿಸುವ ಕೆಲಸ ಅವನದಾಗಿತ್ತು. ಉಣ್ಣುವವರ ಗದ್ದಲದಲ್ಲಿ ಧ್ಯಾನ ಕೆಡುತ್ತದೆಂದು ಅವನೇ ಬೇಡಿಕೊಂಡು ಮೇಲಿನ ಕೋಣೆ ಸೇರಿದ್ದ. ಈ ಸಲವೂ ಇಲ್ಲವೆಂದರೆ ಮಠ ಬಿಟ್ಟು ಹೊರಡುವುದೆಂದು ಒಳಗೊಳಗೇ ನಿಶ್ಚಯಿಸಿಕೊಂಡಿದ್ದ.

ಗುರುಗಳು ಕೂತುಕೋ ಎಂದು ಕೈ ತೋರಿಸಿ ಕತೆ ತೆಗೆದರು.

ಒಬ್ಬ ವ್ಯಾಪಾರಿಯಿದ್ದ. ಮಾತಿಗೂ ತೂಕಕ್ಕೂ ತಪ್ಪದ ಮನುಷ್ಯ. ತಂದೆ ಬಿಟ್ಟುಹೋದ ಹಳೆಯ ಪಿಕಪ್ ಗಾಡಿಯೊಂದು ಅವನ ಷೆಡ್ಡಿನಲ್ಲಿತ್ತು. ಗುಂಡು ಮಡ್‌ಗಾರ್ಡಿನ, ಈಗ ರಸ್ತೆಯಲ್ಲಿ ಕಾಣಸಿಗದ ಗಾಡಿ. ತಂಗಿಗೆ ಮದುವೆ ಗೊತ್ತಾದಾಗ ಅವಳು ಅಣ್ಣನಲ್ಲಿ ಕೇಳಿದ್ದು ಒಂದೇ. ಅಪ್ಪನ ಗಾಡಿಯಲ್ಲೇ ನನ್ನನ್ನು ಗಂಡನ ಮನೆಗೆ ಕಳಿಸಿಕೊಡು ಎಂದಳು. ವ್ಯಾಪಾರಿ ಮಾತು ಕೊಟ್ಟ.

ಮಾತು ಕೊಟ್ಟ ಮೇಲೆ ಅರೆಬರೆ ಕೆಲಸ ಅವನಿಗೆ ಆಗದು. ಇಂಜಿನ್ ಬಿಚ್ಚಿಸಿ ಕೂರಿಸಿದ. ಬಣ್ಣ ಹೊಡೆಸಿದ. ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿ ಗಾಡಿಯನ್ನು ನೆಲದ ಹತ್ತಿರಕ್ಕೆ ಇಳಿಸಿದ. ಇಳಿಸಿದ ಗಾಡಿಗೆ ಹಳೆಯ ಸಣಕಲು ಚಕ್ರ ಒಪ್ಪಲಿಲ್ಲ. ಅಗಲ ಚಕ್ರ ಬೇಕಾಯಿತು.

ಅಗಲ ಚಕ್ರಕ್ಕೆ ಒಂದು ಅಳತೆಯುಂಟು. ಬೋಲ್ಟು ಬಿಗಿಯುವ ತಟ್ಟೆಯಿಂದ ರಿಮ್ಮಿನ ಒಳ ಅಂಚಿನವರೆಗೆ ಎಷ್ಟು ಆಳ ಎಂಬುದು. ಆ ಕಸುಬಿನವರು ಅದನ್ನು ಬ್ಯಾಕ್‌ಸ್ಪೇಸಿಂಗ್ ಎನ್ನುತ್ತಾರೆ. ಆಳ ಹೆಚ್ಚಾದರೆ ಚಕ್ರ ಒಳಕ್ಕೆ ಸರಿದು ಸ್ಪ್ರಿಂಗಿಗೆ ಉಜ್ಜುತ್ತದೆ. ಕಡಿಮೆಯಾದರೆ ಹೊರಕ್ಕೆ ಸರಿದು ಮಡ್‌ಗಾರ್ಡಿಗೆ ಉಜ್ಜುತ್ತದೆ. ಗಿರಾಕಿ ಹೇಳಿದ ಅಳತೆಗೇ ಚಕ್ರ ಮಾಡಿಕೊಡುತ್ತಾರೆ. ಒಮ್ಮೆ ಬೆಸುಗೆ ಬಿದ್ದರೆ ಮುಗಿಯಿತು.

ವ್ಯಾಪಾರಿ ಈ ಅಳತೆಯನ್ನು ಬೇರೆಯವರ ಕೈಗೆ ಬಿಡಲಿಲ್ಲ. ಷೆಡ್ಡಿನ ನೆಲ ಮಟ್ಟವಾಗಿದೆಯೇ ಎಂದು ನೀರು ಸುರಿದು ನೋಡಿದ. ಗಾಡಿಯ ಹಿಂಬದಿಯಲ್ಲಿದ್ದ ಹಗ್ಗ, ಸ್ಟೆಪ್ನಿ, ಗೋಣಿಚೀಲ ಎಲ್ಲವನ್ನೂ ಇಳಿಸಿದ. ಟೇಪು ಹಿಡಿದು ಚಕ್ರದ ಪಕ್ಕ ಮಂಡಿಯೂರಿದ. ಅಷ್ಟರಲ್ಲಿ ಕಾಫಿ ತಂದ ತಂಗಿ ಗಾಡಿಯ ಹಿಂಬದಿಗೆ ಹತ್ತಿ ಕೂತಳು. ಗಾಡಿ ಅರ್ಧ ಬೆರಳಿನಷ್ಟು ತಗ್ಗಿತು.

“ಇಳಿಯೇ ಕೆಳಗೆ! ನೀನು ಕೂತರೆ ಅಳತೆ ಕೆಡುತ್ತೆ.”

“ಮದುವೆ ದಿನ ನಾನೇನು ಗಾಡಿ ಹಿಂದೆ ನಡ್ಕೊಂಡು ಬರ್ಲಾ ಅಣ್ಣಾ?”

“ತಮಾಷೆ ಸಾಕು. ಇಳಿ.”

ಅವಳು ಇಳಿದಳು. ಅಳತೆ ನಿಖರವಾಗಿ ಬಂತು. ಮತ್ತೆ ಅಳೆದ, ಅದೇ ಬಂತು. ಸ್ಪ್ರಿಂಗಿನ ಕಡೆ ಇನ್ನೂ ಜಾಗವಿತ್ತು, ಚಕ್ರವನ್ನು ಒಳಕ್ಕೆ ಸರಿಸಬಹುದಿತ್ತು. ಆದರೆ ಚಕ್ರದ ಮುಖ ಮಡ್‌ಗಾರ್ಡಿನ ಅಂಚಿಗೆ ಸರಿಸಮ ನಿಂತರೇ ಗಾಡಿಗೆ ಚಂದ ಎಂದುಕೊಂಡ. ಚಕ್ರ ಮಾಡುವವರಿಗೆ ಆಳ ಕಡಿಮೆ ಹೇಳಿದ. ಹೊಸ ಚಕ್ರ ಬಂದು ಕೂತ ದಿನ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಬೆರಳಾಡಿಸಿ ನೋಡಿದ. ಎಲ್ಲೂ ತಾಗಲಿಲ್ಲ. ಲಗ್ನಪತ್ರಿಕೆ ಕೊಡಲು ಹೋದಲ್ಲೆಲ್ಲ ಗಾಡಿ ನೋಡಲು ಬನ್ನಿ ಎಂದೂ ಕರೆದ. ಬಂದವರ ಬೆರಳನ್ನೂ ಹಿಡಿದು ಆ ಸಂದಿನಲ್ಲಿ ಆಡಿಸಿ ತೋರಿಸಿದ.

ಮದುವೆ ಮುಗಿದು ಹೆಣ್ಣು ಕಳಿಸುವ ಹೊತ್ತು ಬಂತು. ಮದುಮಕ್ಕಳು ಮುಂದೆ ವ್ಯಾಪಾರಿಯ ಪಕ್ಕ ಕೂತರು. ಹಿಂಬದಿಗೆ ಪಾತ್ರೆಯ ಮೂಟೆ ಏರಿತು, ಹಾಸಿಗೆ ಸುರುಳಿ ಏರಿತು, ಬೀಗರ ಕಡೆಯ ಗಂಡಸರೆಲ್ಲ ಏರಿದರು. ಗಾಡಿ ಕುಸಿದು ಕೂತಿತು. ಬೀದಿಯುದ್ದಕ್ಕೂ ನೆಟ್ಟಗೆ ಹೋಯಿತು. ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿದ್ದೇ ತಡ, ಮಡ್‌ಗಾರ್ಡಿನ ಅಂಚು ಟಯರನ್ನು ಕಚ್ಚಿತು. ರಬ್ಬರ್ ಸುಟ್ಟ ವಾಸನೆ ಎದ್ದಿತು. ಟಯರು ಸೀಳಿಹೋಗಿ ಗಾಡಿ ನಿಂತಿತು.

ವ್ಯಾಪಾರಿ ಇಳಿದು ನೋಡಿದ. ತಪ್ಪು ತನ್ನದೆಂದು ಅವನಿಗೆ ಹೊಳೆಯಲೇ ಇಲ್ಲ. ಬೀಗರ ಮೇಲೆ ಕೂಗಿದ.

“ಇಷ್ಟು ಜನ ಹತ್ತಿ ಅಂತ ಯಾರ್ರೀ ಹೇಳಿದ್ದು? ನನ್ನ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ!”

ಗಂಡಿನ ಸೋದರಮಾವ ಹಿಂಬದಿಯಿಂದಲೇ ಬಗ್ಗಿ ನೋಡಿದರು. “ಗಾಡಿ ಅಂತ ಹತ್ತಿದ್ವಿ ಸ್ವಾಮೀ. ಪೂಜೆಗೆ ಇಟ್ಟಿದ್ದು ಅಂತ ಗೊತ್ತಿದ್ರೆ ದೂರದಿಂದ್ಲೇ ಕೈ ಮುಗೀತಿದ್ವಿ,” ಎಂದರು.

ಬೀದಿಯೆಲ್ಲ ನಕ್ಕಿತು. ತಂಗಿ ನಗಲಿಲ್ಲ. ಹಿಂದಿನಿಂದ ಬೀಗರ ಬಾಡಿಗೆ ಬಸ್ಸು ಬಂದು ನಿಂತಿತು. ಅವಳು ಗಾಡಿಯಿಂದ ಇಳಿದು ಅಣ್ಣನ ಕಡೆ ಒಮ್ಮೆ ನೋಡಿದಳು. ಅವನು ಇನ್ನೂ ಬೀಗರಿಗೆ ತನ್ನ ಅಳತೆ ವಿವರಿಸುತ್ತಿದ್ದ. ಅವಳು ಬಸ್ಸು ಹತ್ತಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಹುಂಬ! ತಂಗಿ ಕೂತಾಗ ಗಾಡಿ ತಗ್ಗಿದ್ದನ್ನು ಕಣ್ಣಾರೆ ಕಂಡು, ಅವಳನ್ನೇ ಇಳಿಸಿದನಲ್ಲ! ಆಮೇಲಾದರೂ ಚಕ್ರ ಬದಲಿಸಿದನೇ?” ಎಂದು ಏರುದನಿಯಲ್ಲಿ ಕೇಳಿದ.

“ಇಲ್ಲ,” ಎಂದರು ಗುರುಗಳು. “ಷೆಡ್ಡಿನಲ್ಲಿ ನಿಲ್ಲಿಸಿದ್ದಾನೆ, ಅಲ್ಲಿ ಅದು ಇವತ್ತಿಗೂ ಎಲ್ಲೂ ಉಜ್ಜುವುದಿಲ್ಲ.”